ಮದ್ಯಕ್ಕಿಂತ ಗಾಂಜಾ ವಾಸಿಯೇ?

ಪ್ರಶ್ನೆ: ‘ಗಾಂಜಾಕ್ಕಿಂತ ಮದ್ಯವೇ ಕೆಟ್ಟದ್ದು, ವಿಜ್ಞಾನಿಗಳೇ ಅಂಕ ಕೊಟ್ಟು ತೋರಿಸಿದ್ದಾರೆ’ ಎಂದು ಕಾಲೇಜಿಗೆ ಹೋಗುವ ಮಗ ವಾದಿಸುತ್ತಾನೆ. ಇದು ನಿಜವೇ?

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಬ್ರಿಟನ್ನಿನ ಮನೋವೈದ್ಯ ಡೇವಿಡ್ ನಟ್ ಮತ್ತು ಸಂಗಡಿಗರು 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಂಥ ಪಟ್ಟಿಯೊಂದನ್ನು ಪ್ರಕಟಿಸಿದರು. 20 ಪದಾರ್ಥಗಳನ್ನು 16 ಬಗೆಯ ಹಾನಿಗಳಲ್ಲಿ ತೂಗಿ, ನೂರಕ್ಕೆ ಇಷ್ಟು ಎಂದು ಅಂಕ ಹಾಕಿದರು. ಮದ್ಯಕ್ಕೆ 72, ಹೆರಾಯಿನ್‌ಗೆ 55, ತಂಬಾಕಿಗೆ 26, ಗಾಂಜಾಕ್ಕೆ 20. ಕಾನೂನಿನ ಬಿಗಿಗೂ ನಿಜವಾದ ಹಾನಿಗೂ ತಾಳೆಯಿಲ್ಲ ಎಂದು ಬಹಿರಂಗವಾಗಿ ಹೇಳಿದ್ದಕ್ಕೆ ಅದರ ಹಿಂದಿನ ವರ್ಷವೇ ನಟ್ ಸರ್ಕಾರದ ಮಾದಕವಸ್ತು ಸಲಹಾ ಮಂಡಳಿಯ ಅಧ್ಯಕ್ಷಗಿರಿ ಕಳೆದುಕೊಂಡಿದ್ದರು. ಅವರ ಧೈರ್ಯ ನನಗೆ ಮೆಚ್ಚುಗೆ.

ಆದರೆ ಆ 72ನ್ನು ಬಿಡಿಸಿ ನೋಡಬೇಕು. ಅದರಲ್ಲಿ 46 ಅಂಕ ಬಂದದ್ದು ಕುಡಿಯುವವನಿಗಲ್ಲ, ಅವನ ಸುತ್ತಲಿನವರಿಗೆ ಆಗುವ ಕೇಡಿನಿಂದ: ಪೆಟ್ಟು, ಅಪರಾಧ, ಒಡೆದ ಸಂಸಾರ, ಸಮಾಜದ ಮೇಲೆ ಬೀಳುವ ಖರ್ಚು. ಬಳಸುವವನ ಕೇಡನ್ನಷ್ಟೇ ಲೆಕ್ಕ ಹಿಡಿದರೆ ಕ್ರ್ಯಾಕ್ ಕೊಕೇನ್, ಹೆರಾಯಿನ್, ಮೆಥ್ ಮೇಲಕ್ಕೆ ಬರುತ್ತವೆ. ಮದ್ಯ ಬೀದಿಬೀದಿಯಲ್ಲಿ ಸಿಗುತ್ತದೆ, ಕುಡಿಯುವವರು ಬಹಳ. ಹಾಗಾಗಿ ಹೊರೆಯೂ ದೊಡ್ಡದು. ನಮ್ಮಲ್ಲೂ ಹಾಗೆಯೇ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಗಾಂಜಾ, ಚರಸ್, ಭಂಗಿ ಎಲ್ಲ ಸೇರಿ 3 ಕೋಟಿ. ಒಂದು ದೇಶದ ಹೊರೆ ಅಳೆದ ತಕ್ಕಡಿಯಲ್ಲಿ ಒಬ್ಬ ಹುಡುಗನ ಅಪಾಯವನ್ನು ತೂಗಲಾಗದು.

ಅಪಾಯವೂ ಒಂದೇ ಜಾತಿಯದಲ್ಲ. ಹೆರಾಯಿನ್ ಮಿತಿಮೀರಿದರೆ ಉಸಿರು ನಿಲ್ಲುತ್ತದೆ, ವಿಪರೀತ ಕುಡಿದರೂ ನಿಲ್ಲಬಹುದು. ಗಾಂಜಾದಿಂದ ಅಂಥ ಸಾವು ತೀರಾ ಅಪರೂಪ. ಚಟ ಹತ್ತಿಸುವುದರಲ್ಲಿ ತಂಬಾಕೇ ಮುಂದು: 1990ರ ದಶಕದ ಅಮೆರಿಕದ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಬಳಸಿದ ನೂರು ಜನರಲ್ಲಿ ತಂಬಾಕಿಗೆ ದಾಸರಾದವರು 32, ಹೆರಾಯಿನ್‌ಗೆ 23, ಮದ್ಯಕ್ಕೆ 15, ಗಾಂಜಾಕ್ಕೆ 9. ಆ 9 ಹಲವು ವಯಸ್ಸಿನವರನ್ನು ಸೇರಿಸಿದ ಲೆಕ್ಕ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಅದು ಏರುತ್ತದೆ. ಆ ವಯಸ್ಸಿನಲ್ಲಿ ಮಿದುಳು ಇನ್ನೂ ಬಲಿಯುತ್ತಿರುತ್ತದೆ. ದಿನವೂ ಕಡಕ್ ಗಾಂಜಾ ಸೇದುವವರಲ್ಲಿ ಭ್ರಮೆ, ಸಂಶಯಗಳ ಮನೋರೋಗ ಕಾಣಿಸಿಕೊಳ್ಳುವ ಸಂಭವ ಹಲವು ಪಟ್ಟು ಹೆಚ್ಚು; ಮನೆತನದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರಂತೂ ಗಾಂಜಾ ಮುಟ್ಟಲೇಬಾರದು.

ಮಗನೊಂದಿಗೆ ಅಂಕಗಳ ಜಗಳ ಬೇಡ. ಗಾಂಜಾ ಸೇದುತ್ತಾನೆಯೇ, ಸೇದಿದರೆ ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ಸೇದಿದ ಮೇಲೆ ಬೈಕ್ ಹತ್ತುತ್ತಾನೆಯೇ, ಜೊತೆಗೆ ಕುಡಿಯುತ್ತಾನೆಯೇ ಎಂದು ಗದರದೆ ಕೇಳಿ. ಅವನು ಬಾಯಿ ಬಿಟ್ಟರೆ 14446ಕ್ಕೆ ಇಬ್ಬರೂ ಕೂತು ಕರೆ ಮಾಡಿ. ಅದು ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಮನೆಯಲ್ಲಿ ಬೇರೆ ಯಾರಾದರೂ ವರ್ಷಗಳಿಂದ ದಿನವೂ ಕುಡಿಯುತ್ತಿದ್ದರೆ, ಅವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು, ಬಿಡಿಸುವುದು ವೈದ್ಯರ ಕಣ್ಣೆದುರೇ ಆಗಬೇಕು.