ಹಳೇ ಗಾಡಿ, ಕೀ ಕೊಡುವ ವಾಚು: ಶೋಕಿಯ ಹುಡುಗರಿಗೆ ಕಿವಿಮಾತು

ಶೋಕಿ ಬಿಡಿ ಅಂತ ಹೇಳೋಕೆ ಬಂದವಳಲ್ಲ ನಾನು. ಮೈಸೂರಿನ ಜಾವಾ, ತಾತನ ಕಾಲದ ಎಚ್‌ಎಂಟಿ, ಒಳ್ಳೇ ಚರ್ಮದ ಬೂಟು ಅಂತ ಆಸೆಪಡುವ ಹುಡುಗರನ್ನು ಕಂಡರೆ ನನಗೂ ಅಕ್ಕರೆಯೇ. ಆದರೆ ಕೊಳ್ಳುವಾಗ ಸಾವಿರಗಟ್ಟಲೆ ಎಣಿಸಿ ಕೊಡುತ್ತೀರಿ, ಆಮೇಲೆ ಇಪ್ಪತ್ತು ರೂಪಾಯಿಯ ವಾಷರ್ ಹಾಕಿಸೋಕೆ ಮರೆಯುತ್ತೀರಿ. ಮನೆ ತುಂಬ ಇಂಥ ಗಂಡಸರನ್ನೇ ಇಟ್ಟುಕೊಂಡು ಬಾಳಿದವಳು, ಒಂದಿಷ್ಟು ಹೇಳ್ತೀನಿ, ಕೇಳಿ.

• ಹಳೇ ಜಾವಾನೋ ಯೆಜ್ಡಿಯೋ ಕಣ್ಣಿಗೆ ಬಿತ್ತು ಅಂತ ನಿಂತ ನಿಲುವಿನಲ್ಲೇ ಅಡ್ವಾನ್ಸ್ ಕೊಡಬೇಡಿ. ಮೊದಲು ಆರ್‌ಸಿ ಕೇಳಿ. ಅದರಲ್ಲಿರುವ ಇಂಜಿನ್ ನಂಬರು, ಚಾಸಿಸ್ ನಂಬರು ಎರಡನ್ನೂ ಗಾಡಿ ಮೇಲಿರುವುದರ ಜೊತೆ ತಾಳೆ ನೋಡಿ. ಗ್ರೀಸು ಮೆತ್ತಿದ್ದರೆ ಬಟ್ಟೆ ತಗೊಂಡು ಒರೆಸಿ, ಸಂಕೋಚ ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಬಂದ ಗಾಡಿ ಎಷ್ಟು ಕೈ ಬದಲಾಗಿದೆಯೋ ಮಾರುವವನಿಗೂ ಗೊತ್ತಿರಲ್ಲ.

• ರಿಜಿಸ್ಟ್ರೇಷನ್ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಲ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಗಾಡಿಗೆ ಪಾಲಿಶ್ ಹೊಡೆಯುವ ಭರದಲ್ಲಿ ಇದೊಂದು ಎಲ್ಲರಿಗೂ ಮರೆತುಹೋಗುತ್ತೆ.

• 50 ವರ್ಷ ದಾಟಿದ ಗಾಡಿಗೆ, ಮೂಲ ರೂಪ ಕೆಡದಿದ್ದರೆ, ವಿಂಟೇಜ್ ನೋಂದಣಿ ಮಾಡಿಸಬಹುದು. 2021ರಲ್ಲಿ ಬಂದ ನಿಯಮ ಅದು. ಮೊದಲೇ ನೋಂದಣಿ ಇದ್ದ ಗಾಡಿಗೆ ಹಳೇ ನಂಬರೇ ಉಳಿಯುತ್ತೆ, ಹೊಸದಾಗಿ ನೋಂದಣಿ ಮಾಡಿಸಿದ್ದಕ್ಕೆ ನಂಬರಿನ ನಡುವೆ ‘ವಿಎ’ ಅಂತ ಬರುತ್ತೆ, ನೋಂದಣಿ ಹತ್ತು ವರ್ಷ ನಡೆಯುತ್ತೆ. ಆದರೆ ಅರ್ಜಿ ಹಾಕುವ ಮುಂಚೆ ಯೋಚನೆ ಮಾಡಿ, ಆಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ದೇವರಾಜ ಮಾರ್ಕೆಟ್ಟಿಗೆ ಸೊಪ್ಪು ತರೋಕೆ ಹೋಗುವವರು ಮಾಮೂಲಿ ನೋಂದಣಿಯಲ್ಲೇ ಇರಿ.

• ಪೆಟ್ರೋಲಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್) ಹಾಕುವಾಗ ಕಣ್ಣಂದಾಜು ಬೇಡ. ಲೀಟರಿಗೆ 30ರಿಂದ 40 ಎಂಎಲ್ ನಡುವೆ, ನಿಮ್ಮ ಗಾಡಿಗೆ ಎಷ್ಟು ಅಂತ ಮೆಕ್ಯಾನಿಕ್ ಹೇಳಿದ್ದನ್ನು ಅಳೆದು ಹಾಕಿ. ಮಗುವಿನ ಟಾನಿಕ್ ಜೊತೆ ಬಂದ ಅಳತೆ ಮುಚ್ಚಳವೇ ಸಾಕು, ಆದರೆ ಅದನ್ನು ಮತ್ತೆ ಅಡುಗೆಮನೆಗೆ ತರಬೇಡಿ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತೆ, ಜಾಸ್ತಿಯಾದರೆ ಪ್ಲಗ್ಗು ಕಪ್ಪಾಗಿ ಸಿಗ್ನಲ್ಲಿನಲ್ಲಿ ಮಾನ ಹೋಗುತ್ತೆ.

• ಗಾಡಿ ನಿಲ್ಲಿಸಿದ ಕೂಡಲೇ ಪೆಟ್ರೋಲ್ ಕಾಕ್ ಮುಚ್ಚಿ. ಕೀ ತೆಗೆಯುವ ಕೈ ಹಾಗೇ ಟ್ಯಾಂಕಿನ ಕೆಳಗೂ ಹೋಗಲಿ. ರಾತ್ರಿಯೆಲ್ಲ ತೆರೆದಿದ್ದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲು ಇಳಿದು ಇಂಜಿನ್ನಿಗೆ ತುಂಬಿಕೊಳ್ಳುತ್ತೆ. ಬೆಳಗ್ಗೆ ನೀವು ಬೆವರು ಸುರಿಸಿ ಕಿಕ್ ಹೊಡೆಯೋದು, ಗೇಟಿನ ಹತ್ತಿರ ಎಲ್ಲರೂ ಬಂದು ಒಂದೊಂದು ಸಲಹೆ ಕೊಡೋದು, ಯಾಕೆ ಬೇಕು?

• ಚಪ್ಪಲಿ ಹಾಕಿಕೊಂಡು ಕಿಕ್ ಹೊಡೆಯಬೇಡಿ. ಈ ಗಾಡಿಗಳಲ್ಲಿ ಕಿಕ್ಕರೂ ಅದೇ, ಗೇರ್ ಲಿವರೂ ಅದೇ, ಅದೂ ಎಡಗಡೆ. ಅದು ತಿರುಗಿ ಹೊಡೆದರೆ ಮೊಣಕಾಲಿನ ಕೆಳಗೆ ಒಂದು ವಾರ ಬಾವು. ಸ್ನೇಹಿತರಿಗೆ ಗಾಡಿ ಕೊಡುವಾಗಲೂ ಇದನ್ನು ತೋರಿಸಿಯೇ ಕೊಡಿ. ಕೊಡದಿದ್ದರೆ ಇನ್ನೂ ಒಳ್ಳೇದು.

• ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರಿಕೊಂಡು ಬರಬೇಡಿ, ಆಗಾಗ ಸ್ವಲ್ಪ ಕೊಡುತ್ತಾ ಇಳಿಯಿರಿ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ಲು ಪೆಟ್ರೋಲಿನ ಜೊತೆಯೇ ಹೋಗಬೇಕು. ಅದು ನಿಂತರೆ ಒಳಗೆ ಒಣಗುತ್ತೆ. ಹಾಗಂತ ನಿಮ್ಮ ಮಾವಂದಿರ ಕಾಲದವರ ಹಾಗೆ ಪೆಟ್ರೋಲ್ ಉಳಿಸೋಕೆ ಇಂಜಿನ್ ಆಫ್ ಮಾಡಿ ಇಳಿಯಲೂಬೇಡಿ. ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬಿದ್ದು ಅದು ಕಾದುಹೋಗುತ್ತೆ, ತಿರುವಿನಲ್ಲಿ ಹಿಡಿಯಲ್ಲ. ನಾಲ್ಕಾಣೆ ಪೆಟ್ರೋಲಿಗೆ ಅಷ್ಟು ದೊಡ್ಡ ಜೀವ ಒಡ್ಡೋದೇ?

• ಸದ್ದು ಬರಲಿ ಅಂತ ಸೈಲೆನ್ಸರಿನ ಒಳಕೊಳವೆ ಕಿತ್ತು ಎಸೆಯಬೇಡಿ. ಅದನ್ನು ಆಗಾಗ ಬಿಚ್ಚಿಸಿ ಕರಿ ತೆಗೆಸಿ, ಗಾಡಿ ತಾನಾಗಿ ಹಗುರಾಗಿ ಓಡುತ್ತೆ. ಪಕ್ಕದ ಮನೆ ಬಾಣಂತಿಯ ಶಾಪವೂ ತಪ್ಪುತ್ತೆ.

• ಹಳೇ ಡೈನಮೋ ಗಾಡಿಗಳಲ್ಲಿ ಇರೋದು 6 ವೋಲ್ಟು. ಅದಕ್ಕೆ ಲಾರಿ ಹಾರ್ನು, ಮೂರು ಮೂರು ಲೈಟು ಕಟ್ಟಬೇಡಿ, ಬ್ಯಾಟರಿ ಪಾಪ.

• ತಿಂಗಳುಗಟ್ಟಲೆ ಊರಿನಲ್ಲಿ ಇರಲ್ಲ ಅಂದರೆ ಟ್ಯಾಂಕು, ಕಾರ್ಬ್ಯುರೇಟರು ಖಾಲಿ ಮಾಡಿಸಿ ಹೋಗಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತೆ, ಅದು ನೀರು ಹೀರಿಕೊಳ್ಳುತ್ತೆ, ಹಳೇ ರಬ್ಬರನ್ನು ತಿನ್ನುತ್ತೆ. ಖಾಲಿ ಟ್ಯಾಂಕಿನ ಒಳಗೆ ಒಂದಿಷ್ಟು ಆಯಿಲ್ ಹಾಕಿ ಅಲ್ಲಾಡಿಸಿ, ತುಕ್ಕು ಹತ್ತಲ್ಲ.

• ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ನೀವೆಲ್ಲ ಮೆರವಣಿಗೆ ಹೊರಡುತ್ತೀರಲ್ಲ, ಹಿಂದಿನ ಶನಿವಾರ ರಾತ್ರಿ ಇಂಜಿನ್ ಬಿಚ್ಚಿ ಕೂರಬೇಡಿ. ಮೇ ತಿಂಗಳಲ್ಲೇ ಮೆಕ್ಯಾನಿಕ್ ಹತ್ತಿರ ಬಿಡಿ. ಆ ಗಾಡಿ ಗೊತ್ತಿರುವ ಹಳಬರು ಈಗ ಕಡಿಮೆ, ಆ ವಾರ ಎಲ್ಲರೂ ಅವರ ಬಾಗಿಲಲ್ಲೇ ಇರುತ್ತಾರೆ. ಹೋಗುವಾಗ ಬಾಯಿಮಾತಿನ ಜೊತೆ ಒಂದು ಕಾಫಿಯನ್ನೂ ಕೊಡಿಸಿ.

• ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಬೇಡಿ, ಒಳಗಿನ ಥರ್ಮಾಕೋಲ್ ಗುಳಿ ಬೀಳುತ್ತೆ. ಹಿಂದೆ ಕೂರುವವರಿಗೂ ಒಂದು ಕೊಳ್ಳಿ.

• ವಾಚಿನ ವಿಷಯಕ್ಕೆ ಬರೋಣ. ಎಚ್‌ಎಂಟಿ ಜನತಾನೋ ಪೈಲಟ್ಟೋ ಕೊಳ್ಳುವಾಗ ಡಯಲ್ಲು ತೀರಾ ಫಳಫಳ ಅಂದರೆ ಅನುಮಾನಪಡಿ. ಹಳೇ ಡಯಲ್ಲಿಗೆ ಬಣ್ಣ ಹೊಡೆದು, ಇನ್ಯಾವುದೋ ವಾಚಿನ ಮುಳ್ಳು ಸೇರಿಸಿ ಮಾರುವವರು ಬೇಕಾದಷ್ಟು ಇದ್ದಾರೆ. ಭೂತಗನ್ನಡಿ ಇಟ್ಟು ಅಕ್ಷರದ ಅಂಚು ನೋಡಿ, ಹಿಂದಿನ ಮುಚ್ಚಳ ತೆಗೆಸಿ ಮಷೀನೂ ನೋಡಿ. ಸ್ವಲ್ಪ ಮಂಕಾದರೂ ಅಸಲಿಯದ್ದೇ ಮೇಲು.

• ಕೀ ಕೊಡೋದು ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಇರಲಿ. ಹಲ್ಲುಜ್ಜಿ ಕಾಫಿ ಕುಡಿಯುವ ಮುಂಚೆ ಅಂತ ಇಟ್ಟುಕೊಳ್ಳಿ, ಮರೆಯಲ್ಲ. ಕೈಯಿಂದ ಬಿಚ್ಚಿ ಹಿಡಿದು ಕೊಡಿ, ಕಟ್ಟಿಕೊಂಡೇ ತಿರುಗಿಸಿದರೆ ಕೀಯ ಸಣ್ಣ ಕಡ್ಡಿ ಓರೆಯಾಗಿ ಸವೆಯುತ್ತೆ. ಬಿಗಿ ಅನ್ನಿಸಿದ ಕಡೆ ನಿಲ್ಲಿಸಿ. ಇನ್ನೊಂದು ಸುತ್ತು ಅಂತ ಒತ್ತಾಯ ಮಾಡೋದು ಊಟಕ್ಕೆ ಕೂತ ಅಳಿಯನಿಗೆ ಮಾತ್ರ.

• ತಾರೀಕು ತೋರಿಸುವ ವಾಚಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಕು ತಿರುಗಿಸಬೇಡಿ. ಆ ಹೊತ್ತಿಗೆ ಒಳಗಿನ ಚಕ್ರ ತಾನೇ ತಾರೀಕು ಬದಲಿಸುತ್ತಾ ಇರುತ್ತೆ, ಹಲ್ಲು ಮುರಿಯುತ್ತೆ.

• ಮದುವೆಮನೆಯಲ್ಲಿ ಕೈ ತೊಳೆಯುವ ಮುಂಚೆ ವಾಚು ಬಿಚ್ಚಿ ಜೇಬಿಗೆ ಹಾಕಿ. ಗಾಜಿನ ಒಳಗೆ ಆವಿ ಕಂಡರೆ ಅಕ್ಕಿ ಡಬ್ಬಕ್ಕೆ ಹಾಕಬೇಡಿ, ಅವತ್ತೇ ರಿಪೇರಿಯವರ ಹತ್ತಿರ ಒಯ್ಯಿರಿ. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಿಂದ ಹೊಸ ಬಿಡಿಭಾಗ ಇನ್ನು ಬರೋದಿಲ್ಲ. ತುಕ್ಕು ಹಿಡಿದದ್ದಕ್ಕೆ ಬದಲು ಬೇಕೆಂದರೆ ಇನ್ನೊಂದು ವಾಚನ್ನೇ ಒಡೆಯಬೇಕು.

• ಒಂದೇ ಬೂಟನ್ನು ದಿನಾ ಹಾಕಬೇಡಿ, ನಡುವೆ ಒಂದು ದಿನ ಆರಲಿ. ಮಳೆಯಲ್ಲಿ ನೆನೆದರೆ ಹಳೇ ಪೇಪರು ತುರುಕಿ ನೆರಳಿನಲ್ಲಿಡಿ, ಒಲೆ ಪಕ್ಕ ಇಟ್ಟರೆ ಚರ್ಮ ಸೀಳುತ್ತೆ. ಮಲೆನಾಡಿನವರು ಲೆದರ್ ಜಾಕೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಆಷಾಢ ಮುಗಿಯುವುದರೊಳಗೆ ಬೂಷ್ಟು ಬಂದಿರುತ್ತೆ.

• ಜರಿ ಪಂಚೆಯ ಮಡಿಕೆ ಆಗಾಗ ಬದಲಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿ ಗುಳಿಗೆ ಜರಿಗೆ ತಾಗದಿರಲಿ, ಕಪ್ಪಾಗುತ್ತೆ.

• ಕೂಲಿಂಗ್ ಗ್ಲಾಸನ್ನು ಶರಟಿನ ತುದಿಯಲ್ಲಿ ಒರೆಸಬೇಡಿ, ಮೊದಲು ನೀರು ಹಾಕಿ ಧೂಳು ತೊಳೆಯಿರಿ.

• ಕೊನೇದು, ಬಹಳ ಮುಖ್ಯವಾದದ್ದು. ಏನು ಕೊಂಡರೂ ಮನೆಯಲ್ಲಿ ನಿಜವಾದ ಬೆಲೆ ಹೇಳಿ. ಎಂಟು ಸಾವಿರದ ವಾಚನ್ನು ಎಂಟುನೂರಕ್ಕೆ ಸಿಕ್ಕಿತು ಅಂದಿರೋ, ನೀವು ಊರಿನಲ್ಲಿ ಇಲ್ಲದ ದಿನ ಮನೆಯವರು ಅದನ್ನು ಕೇಳಿದವರಿಗೆ ಒಂಬೈನೂರಕ್ಕೆ ಕೊಟ್ಟು, ನೂರು ರೂಪಾಯಿ ಲಾಭ ಬಂತು ಅಂತ ನಿಮಗೇ ಖುಷಿಯಿಂದ ಫೋನ್ ಮಾಡುತ್ತಾರೆ.