ವೃತ್ತಿಶಿಕ್ಷಣ ಪ್ರವೇಶ ಮತ್ತು ಪಠ್ಯೇತರ ಅನುಭವ

ವೈದ್ಯಕೀಯ, ತಾಂತ್ರಿಕ, ಕಾನೂನು ಮೊದಲಾದ ವೃತ್ತಿಶಿಕ್ಷಣ ಸಂಸ್ಥೆಗಳಲ್ಲಿ ಲಭ್ಯವಿರುವ ಸ್ಥಾನಗಳಿಗಿಂತ ಅವನ್ನು ಬಯಸುವವರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಈ ಸ್ಪರ್ಧೆಯಲ್ಲಿ ಮುಂದೆ ಬರಲು ಕ್ರೀಡೆ, ಕಲೆ, ಸಮಾಜಸೇವೆಗಳ ಪ್ರಮಾಣಪತ್ರಗಳು ನೆರವಾಗುತ್ತವೆ ಎಂಬ ನಂಬಿಕೆ ಪಾಲಕರಲ್ಲಿ ವ್ಯಾಪಕವಾಗಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ? ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳು ಐನೂರು ಕಿಲೋಮೀಟರಿಗೂ ದೂರದ ತಿರುವನಂತಪುರಕ್ಕೆ, ಅದರ ಹಾದಿಯಲ್ಲೇ ಸಿಗುವ ಕೊಚ್ಚಿಗೆ ಉನ್ನತ ಶಿಕ್ಷಣಕ್ಕಾಗಿ ತೆರಳುವುದುಂಟು. ಆದ್ದರಿಂದ ಈ ಎರಡು ನಗರಗಳ ನಿದರ್ಶನದಿಂದಲೇ ವಿಷಯವನ್ನು ಪರಿಶೀಲಿಸಬಹುದು.

ಶ್ರೇಣಿಯೇ ನಿರ್ಣಾಯಕ

1951ರಲ್ಲಿ ಆರಂಭವಾದ ತಿರುವನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಪ್ರವೇಶ ದೊರೆಯುವುದು ನೀಟ್ ಪರೀಕ್ಷೆಯ ಶ್ರೇಣಿಯ ಮೇಲೆ. 2007ರಲ್ಲಿ ಅದೇ ನಗರದಲ್ಲಿ ಸ್ಥಾಪಿತವಾದ ಭಾರತೀಯ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ತನ್ನ ಪದವಿ ತರಗತಿಗಳಿಗೆ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯನ್ನು ಆಧಾರವಾಗಿಟ್ಟುಕೊಂಡಿದೆ. ಕೊಚ್ಚಿಯ ರಾಷ್ಟ್ರೀಯ ಉನ್ನತ ಕಾನೂನು ಅಧ್ಯಯನ ವಿಶ್ವವಿದ್ಯಾನಿಲಯಕ್ಕೆ ಕ್ಲಾಟ್ ಪರೀಕ್ಷೆಯೇ ದ್ವಾರ. ಇಲ್ಲಿ ಸಾಮಾನ್ಯ ಅಭ್ಯರ್ಥಿಯ ಕೈಯಲ್ಲಿ ಎಷ್ಟು ಪದಕಗಳಿದ್ದರೂ ಶ್ರೇಣಿಯು ಒಂದು ಸ್ಥಾನದಷ್ಟೂ ಮೇಲೇರದು. ಈ ಸತ್ಯವನ್ನು ಮೊದಲೇ ಅರಿತರೆ ಪ್ರಮಾಣಪತ್ರಗಳ ಬೆನ್ನುಹತ್ತಿ ಹಣ ಮತ್ತು ಕಾಲವನ್ನು ವ್ಯಯಿಸುವುದು ತಪ್ಪುತ್ತದೆ.

ಪ್ರಮಾಣಪತ್ರಕ್ಕೆ ಬೆಲೆಯಿರುವ ಸಂದರ್ಭಗಳು

ಹಾಗೆಂದು ಪಠ್ಯೇತರ ಚಟುವಟಿಕೆಗಳು ಲೆಕ್ಕಕ್ಕಿಲ್ಲವೆಂದಲ್ಲ. ಕೇರಳ ಮತ್ತು ಕರ್ನಾಟಕಗಳೆರಡರಲ್ಲಿಯೂ ವೃತ್ತಿಶಿಕ್ಷಣದ ಕೆಲವು ಸ್ಥಾನಗಳು ಕ್ರೀಡಾಪಟುಗಳಿಗೂ ಎನ್‌ಸಿಸಿ ಕೆಡೆಟ್‌ಗಳಿಗೂ ಮೀಸಲಾಗಿವೆ. ಕೇರಳದಲ್ಲಿ ಕ್ರೀಡಾ ಸಾಧನೆಯ ಪರಿಶೀಲನೆಯನ್ನು ತಿರುವನಂತಪುರದ ರಾಜ್ಯ ಕ್ರೀಡಾ ಮಂಡಳಿಯು ನಡೆಸುತ್ತದೆ. ಆದರೆ ಸ್ಪರ್ಧೆಯ ಮಟ್ಟ, ಭಾಗವಹಿಸಿದ ವರ್ಷ ಹಾಗೂ ಪ್ರಮಾಣಪತ್ರದ ನಮೂನೆ ನಿಯಮಾನುಸಾರವಾಗಿರಬೇಕು. ಪ್ರವೇಶ ಪರೀಕ್ಷೆಯ ಅರ್ಹತೆಯೂ ತಪ್ಪದು.

ಕಲೆಯ ವಿಷಯವೂ ಇಂತಹದೇ. 1957ರಲ್ಲಿ ಎರ್ನಾಕುಲಂನಲ್ಲಿ ಆರಂಭವಾದ ಕೇರಳ ಶಾಲಾ ಕಲೋತ್ಸವವು 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ಜರುಗಿತು. ಯಕ್ಷಗಾನಕ್ಕೂ ಕನ್ನಡ ಪದ್ಯವಾಚನಕ್ಕೂ ಅಲ್ಲಿ ಸ್ಥಾನವಿದೆ. ಉತ್ತಮ ದರ್ಜೆ ಪಡೆದವರಿಗೆ ನಿಯಮಾನುಸಾರ ಶಾಲಾ ಸಾರ್ವಜನಿಕ ಪರೀಕ್ಷೆಯಲ್ಲಿ ಕೃಪಾಂಕ ದೊರೆಯುವುದುಂಟು. ಆದರೆ ಆ ಕೃಪಾಂಕದಿಂದ ನೀಟ್ ಶ್ರೇಣಿ ಬದಲಾಗುವುದಿಲ್ಲ.

ವಿಜ್ಞಾನದಲ್ಲಿ ಆಸಕ್ತಿಯುಳ್ಳವರಿಗೆ ಇಸ್ರೋ 2019ರಲ್ಲಿ ಆರಂಭಿಸಿದ 'ಯುವಿಕಾ' ಕಾರ್ಯಕ್ರಮ ಗಮನಾರ್ಹ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಎರಡು ವಾರಗಳ ಈ ಶಿಬಿರವು ನಡೆಯುವ ಕೇಂದ್ರಗಳಲ್ಲಿ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವೂ ಒಂದು. ಆಯ್ಕೆಯಲ್ಲಿ ಎಂಟನೆಯ ತರಗತಿಯ ಅಂಕಗಳ ಜೊತೆಗೆ ವಿಜ್ಞಾನ ಮೇಳ, ಕ್ರೀಡೆ, ಸ್ಕೌಟ್ಸ್, ಎನ್‌ಸಿಸಿಗಳನ್ನೂ ಪರಿಗಣಿಸಲಾಗುತ್ತದೆ. ಗ್ರಾಮೀಣ ಶಾಲೆಗಳ ಮಕ್ಕಳಿಗೆ ವಿಶೇಷ ಪ್ರಾಧಾನ್ಯವಿದೆ ಎಂಬುದನ್ನು ಹಳ್ಳಿಯ ಶಿಕ್ಷಕರು ಮರೆಯಬಾರದು.

ಅನುಭವದ ನಿಜವಾದ ಫಲ

2018ರ ಆಗಸ್ಟ್ ತಿಂಗಳಿನ ಮಹಾಪ್ರವಾಹದ ಸಂದರ್ಭದಲ್ಲಿ ಕೊಚ್ಚಿಯ ಕಡವಂತ್ರ ಕ್ರೀಡಾ ಕೇಂದ್ರದಲ್ಲಿಯೂ ತಿರುವನಂತಪುರದ ಸಂಗ್ರಹಣಾ ಕೇಂದ್ರಗಳಲ್ಲಿಯೂ ವಿದ್ಯಾರ್ಥಿಗಳು ಅಕ್ಕಿ, ಔಷಧಿ, ಬಟ್ಟೆಗಳನ್ನು ವಿಂಗಡಿಸಿ ಪರಿಹಾರ ಶಿಬಿರಗಳಿಗೆ ಕಳುಹಿಸುವ ಕಾರ್ಯದಲ್ಲಿ ತೊಡಗಿದ್ದರು. ಯಾವ ಪ್ರವೇಶ ಪಟ್ಟಿಯಲ್ಲಿಯೂ ಇದಕ್ಕೆ ಅಂಕವಿರಲಿಲ್ಲ. ಆದರೆ ಯಾರಿಗೆ ಏನು ಮೊದಲು ತಲುಪಬೇಕೆಂದು ನಿರ್ಣಯಿಸುವುದು, ಅಪರಿಚಿತರೊಡನೆ ಕೂಡಿ ದುಡಿಯುವುದು, ದುಃಖಿತರೊಡನೆ ಸಂಯಮದಿಂದ ಮಾತನಾಡುವುದು ವೈದ್ಯನಿಗೂ ವಕೀಲನಿಗೂ ಎಂಜಿನಿಯರನಿಗೂ ಅಗತ್ಯವಾದ ಗುಣಗಳಲ್ಲವೇ? ವ್ಯವಸ್ಥಾಪನಾ ಶಾಸ್ತ್ರದಂತಹ ಶಿಕ್ಷಣಕ್ಕೆ ಸಂದರ್ಶನವಿರುವಲ್ಲಿ ಇಂತಹ ಅನುಭವವು ನೇರವಾಗಿಯೂ ನೆರವಾಗುತ್ತದೆ. ಸಂದರ್ಶಕರು ಒಂದೆರಡು ಪ್ರಶ್ನೆ ಕೇಳಿದರೆ ಸಾಕು, ದುಡಿದವರು ಯಾರು, ಹೆಸರು ಬರೆಸಿದವರು ಯಾರು ಎಂಬುದು ತಿಳಿದುಬಿಡುತ್ತದೆ.

ವಿದ್ಯಾರ್ಥಿಗಳು ಅನುಸರಿಸಬಹುದಾದ ಕ್ರಮ

1. ಹತ್ತು ಚಟುವಟಿಕೆಗಳಿಗೆ ಕೈಹಾಕದೆ ತನಗೆ ಪ್ರಿಯವಾದ ಒಂದೆರಡನ್ನು ಆರಿಸಿಕೊಂಡು ಎಂಟು, ಒಂಬತ್ತನೆಯ ತರಗತಿಯಿಂದಲೇ ಮುಂದುವರಿಸುವುದು.

2. ಕಾಲೇಜಿಗೆ ಸೇರಿದ ಮೇಲೆ ರಾಷ್ಟ್ರೀಯ ಸೇವಾ ಯೋಜನೆಯ ಅವಕಾಶವನ್ನು ಬಳಸಿಕೊಳ್ಳುವುದು. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ವಿಶೇಷ ಶಿಬಿರವಿರುತ್ತದೆ.

3. ಮಾಡಿದ ಕೆಲಸ, ದಿನಾಂಕ, ಕಲಿತ ಪಾಠಗಳನ್ನು ದಿನಚರಿಯಲ್ಲಿ ಬರೆದಿಡುವುದು.

4. ಮೀಸಲು ಸ್ಥಾನ ಬಯಸುವವರು ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದುವುದು. ಮೂಲ ಪ್ರಮಾಣಪತ್ರಗಳನ್ನು ಜೋಪಾನವಾಗಿಡುವುದು.

5. ದ್ವಿತೀಯ ಪಿಯುಸಿ ಅಥವಾ ಹನ್ನೆರಡನೆಯ ತರಗತಿಯಲ್ಲಿ ವ್ಯಾಸಂಗಕ್ಕೆ ಮೊದಲ ಸ್ಥಾನ ನೀಡುವುದು.

ಪಾಲಕರು ಪ್ರಮಾಣಪತ್ರವನ್ನು ಹಣ ತೆತ್ತು ತರುವ ಆಮಿಷಕ್ಕೆ ಎಂದಿಗೂ ಒಳಗಾಗಬಾರದು. ಸುಳ್ಳು ದಾಖಲೆ ಬಯಲಾದರೆ ದೊರೆತ ಸ್ಥಾನವೂ ಕೈತಪ್ಪಬಹುದು. ಪ್ರವೇಶ ದೊರಕಿಸುವುದು ಶ್ರೇಣಿ; ದೊರೆತ ವೃತ್ತಿಗೆ ಯೋಗ್ಯರನ್ನಾಗಿಸುವುದು ಅನುಭವ. ಒಂದು ವೇಳೆ ಬಯಸಿದ ಸ್ಥಾನ ದೊರೆಯದಿದ್ದರೂ ಪ್ರಾಮಾಣಿಕವಾಗಿ ಗಳಿಸಿದ ಅನುಭವವು ವಿದ್ಯಾರ್ಥಿಯ ಬಳಿಯೇ ಉಳಿಯುತ್ತದೆ.