ಕಾನೂನಿಗೂ ಒಂದು ಹಾಲು ಪರೀಕ್ಷೆ: ಸಂಸತ್ತಿನ ಸಮಿತಿಗಳ ಬಗ್ಗೆ ತಿಳಿಯೋಣ

ಆತ್ಮೀಯ ಹಾಲು ಉತ್ಪಾದಕ ಸಹೋದರಿಯರೇ,

ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಪಾಲನೆ ಎಂದು ಬರೆಯುತ್ತಿದ್ದ ನಾನು ಈ ಸಲ ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಅದಕ್ಕೆ ಒಂದು ಕಾರಣವಿದೆ.

ಮಹಿಳಾ ಸಂಘವೊಂದರಲ್ಲಿ ಜಂತುನಾಶಕ ಔಷಧಿ ಹಂಚುವ ಕೆಲಸ ಮುಗಿದಿತ್ತು. ಹಿರಿಯ ಸದಸ್ಯೆಯೊಬ್ಬರು ಕೇಳಿದರು: "ಡಾಕ್ಟ್ರೇ, ಸಹಕಾರ ಸಂಘದ ಕಾನೂನು ಬದಲಾಯ್ತು ಅಂತ ಟೀವಿಲಿ ಹೇಳಿದ್ರು. ಬದಲಾಯಿಸೋಕೆ ಮುಂಚೆ ನಮ್ಮಂಥೋರನ್ನ ಯಾರಾದ್ರೂ ಕೇಳ್ತಾರಾ?" ನಾನು ಯೋಚಿಸದೆ "ಯಾರೂ ಕೇಳಲ್ಲ ಅಮ್ಮಾ" ಎಂದು ಹೇಳಿ ಬೈಕ್ ಹತ್ತಿದೆ. ಮನೆಗೆ ಬಂದ ಮೇಲೆ ಆ ಮಾತು ಕೊರೆಯತೊಡಗಿತು. ಓದಿ ನೋಡಿದಾಗ ನನ್ನ ಉತ್ತರ ಅರ್ಧ ತಪ್ಪು ಎಂದು ಗೊತ್ತಾಯಿತು. ಕೇಳುವ ವ್ಯವಸ್ಥೆ ಇದೆ. ಅದು ಇದೆ ಎಂದು ನಮಗೇ ಗೊತ್ತಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಈ ಪಾಠ.

ಮಸೂದೆ ಎಂದರೇನು? ಸಮಿತಿ ಏಕೆ ಬೇಕು?

ಬೆಳಿಗ್ಗೆ ಸಂಘಕ್ಕೆ ಹಾಲು ತಂದಾಗ ಅದನ್ನು ನೇರವಾಗಿ ಕ್ಯಾನಿಗೆ ಸುರಿಯುವುದಿಲ್ಲ. ಮೊದಲು ಮಾದರಿ ತೆಗೆದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡುತ್ತೇವೆ. ಒಬ್ಬರ ಹಾಲು ಕೆಟ್ಟಿದ್ದರೂ ಇಡೀ ಕ್ಯಾನ್ ಹಾಳಾಗುತ್ತದೆ.

ಕಾನೂನೂ ಹಾಗೆಯೇ. ಕಾನೂನಾಗುವ ಮೊದಲಿನ ಕರಡಿಗೆ ಮಸೂದೆ ಅಥವಾ ವಿಧೇಯಕ ಎನ್ನುತ್ತಾರೆ. ಲೋಕಸಭೆಯಲ್ಲಿ 543 ಸ್ಥಾನಗಳಿವೆ. ಅಷ್ಟು ಜನ ಕೂತು ಪ್ರತಿ ಮಸೂದೆಯ ಪ್ರತಿ ಸಾಲನ್ನೂ ಬಿಡಿಸಿ ನೋಡುವುದು ಕಷ್ಟ. ಆದ್ದರಿಂದ ಕೆಲವು ಮಸೂದೆಗಳನ್ನು ಸಣ್ಣ ಸಮಿತಿಗೆ ಕಳುಹಿಸುತ್ತಾರೆ. ಆಡಳಿತ ಪಕ್ಷ, ವಿರೋಧ ಪಕ್ಷ ಎರಡರ ಸಂಸದರೂ ಅಲ್ಲಿರುತ್ತಾರೆ. ಇಲಾಖೆಯ ಅಧಿಕಾರಿಗಳನ್ನು ಕರೆದು ಪ್ರಶ್ನೆ ಕೇಳುತ್ತಾರೆ. ವಿಷಯ ತಿಳಿದವರ ಮಾತು ಕೇಳುತ್ತಾರೆ. ಹಲವು ಸಲ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳುತ್ತಾರೆ. ಕೊನೆಗೆ ವರದಿ ಬರೆದು ಸದನಕ್ಕೆ ಕೊಡುತ್ತಾರೆ. ವರದಿಯನ್ನು ಒಪ್ಪದ ಸದಸ್ಯರು ತಮ್ಮ ಭಿನ್ನಾಭಿಪ್ರಾಯವನ್ನೂ ಬರೆದು ಸೇರಿಸಬಹುದು.

ನಮಗೆ ಸಂಬಂಧಿಸಿದ ಮೂರು ಬಗೆಯ ಸಮಿತಿಗಳು

1. ಸ್ಥಾಯಿ ಸಮಿತಿಗಳು: ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾದವು. ಆಗ 17 ಇದ್ದವು, 2004ರಲ್ಲಿ 24 ಆದವು. ಪ್ರತಿಯೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳು ಸದಸ್ಯರಾಗುವಂತಿಲ್ಲ. ನಮ್ಮ ಹಸು, ಎಮ್ಮೆ, ಮೇವು, ಲಸಿಕೆಯ ವಿಷಯಗಳು ಕೃಷಿ, ಪಶುಸಂಗೋಪನೆ ಮತ್ತು ಆಹಾರ ಸಂಸ್ಕರಣೆಯ ಸಮಿತಿಗೆ ಬರುತ್ತವೆ. ಪಶುಸಂಗೋಪನೆಗೆ ಬಜೆಟ್ಟಿನಲ್ಲಿ ಕೇಳಿರುವ ಹಣವನ್ನು ಈ ಸಮಿತಿ ಪರಿಶೀಲಿಸುತ್ತದೆ. ಹಿಂದೆ ಕೊಟ್ಟ ಹಣ ಖರ್ಚಾಯಿತೇ, ಆಗಲಿಲ್ಲವೇ, ಏಕೆ ಎಂದು ಇಲಾಖೆಯನ್ನು ಕೇಳುತ್ತದೆ. ತನ್ನ ಶಿಫಾರಸುಗಳ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಇಲಾಖೆ ಉತ್ತರ ಕೊಡಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಇರುತ್ತದೆ.

2. ಜಂಟಿ ಸಮಿತಿ ಮತ್ತು ಆಯ್ಕೆ ಸಮಿತಿ: ಇವು ಒಂದೇ ಮಸೂದೆಗಾಗಿ ರಚನೆಯಾಗುವ ಸಮಿತಿಗಳು. ಎರಡೂ ಸದನದವರು ಇದ್ದರೆ ಜಂಟಿ ಸಮಿತಿ, ಒಂದೇ ಸದನದವರಾದರೆ ಆಯ್ಕೆ ಸಮಿತಿ. ವರದಿ ಕೊಟ್ಟ ಮೇಲೆ ಸಮಿತಿಯ ಕೆಲಸ ಮುಗಿಯಿತು.

3. ಅರ್ಜಿಗಳ ಸಮಿತಿ: ಜನರು ನೇರವಾಗಿ ಸದನಕ್ಕೆ ಬರೆದ ಅರ್ಜಿಗಳನ್ನು ನೋಡುವ ಸಮಿತಿ ಇದು. ಲೋಕಸಭೆಯ ಸಮಿತಿಯಲ್ಲಿ 15 ಸದಸ್ಯರು, ರಾಜ್ಯಸಭೆಯ ಸಮಿತಿಯಲ್ಲಿ 10 ಸದಸ್ಯರು. ಇದರ ಬೇರು ಬ್ರಿಟಿಷರ ಕಾಲದ ಕೇಂದ್ರ ಶಾಸನ ಸಭೆಯಲ್ಲಿದೆ.

ನಡೆದ ಉದಾಹರಣೆ: ಸಹಕಾರ ಮಸೂದೆ

ಆ ಹಿರಿಯ ಸದಸ್ಯೆ ಟೀವಿಯಲ್ಲಿ ಕೇಳಿದ್ದು ಬಹುರಾಜ್ಯ ಸಹಕಾರ ಸಂಘಗಳ ತಿದ್ದುಪಡಿ ಮಸೂದೆಯ ವಿಷಯ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಕೆಲಸ ಮಾಡುವ ಸಹಕಾರ ಸಂಘಗಳಿಗೆ 2002ರ ಕಾಯ್ದೆ ಇದೆ. ನಾವು ಗೊಬ್ಬರ ಕೊಳ್ಳುವ ಇಫ್ಕೋ ಅಂಥದ್ದೊಂದು. ಆ ಕಾಯ್ದೆಯ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂದದ್ದು 2022ರ ಡಿಸೆಂಬರ್ 7ರಂದು. ಡಿಸೆಂಬರ್ 20ರಂದು ಅದು ಜಂಟಿ ಸಮಿತಿಗೆ ಹೋಯಿತು. 2023ರ ಮಾರ್ಚ್ 15ರಂದು ವರದಿ ಬಂತು. ಲೋಕಸಭೆ ಜುಲೈ 25ರಂದು, ರಾಜ್ಯಸಭೆ ಆಗಸ್ಟ್ 1ರಂದು ಮಸೂದೆಯನ್ನು ಅಂಗೀಕರಿಸಿದವು.

ಹೊಸ ಕಾನೂನಿನಲ್ಲಿ ಏನಿದೆ? ಈ ಸಂಘಗಳ ಚುನಾವಣೆ ನಡೆಸಲು ಪ್ರತ್ಯೇಕ ಪ್ರಾಧಿಕಾರ ಬಂತು. ಸದಸ್ಯರ ದೂರು ಕೇಳಲು ಸಹಕಾರ ಓಂಬುಡ್ಸ್‌ಮನ್ ಬಂದರು. ಲಾಭದಲ್ಲಿರುವ ಸಂಘಗಳು ವರ್ಷಕ್ಕೆ 1 ಕೋಟಿ ರೂಪಾಯಿ ಅಥವಾ ನಿವ್ವಳ ಲಾಭದ ಶೇ. 1, ಇದರಲ್ಲಿ ಯಾವುದು ಕಡಿಮೆಯೋ ಅದನ್ನು, ಕಷ್ಟದಲ್ಲಿರುವ ಸಂಘಗಳ ಪುನಶ್ಚೇತನ ನಿಧಿಗೆ ಕೊಡಬೇಕು. ವ್ಯಕ್ತಿಗಳು ಸದಸ್ಯರಾಗಿರುವ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಾಯಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಿಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘ ಈ ಕಾನೂನಿನಡಿ ಬರುವುದಿಲ್ಲ. ನಮ್ಮದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959. ಅದು ಬದಲಾಗುವುದು ದೆಹಲಿಯಲ್ಲಿ ಅಲ್ಲ, ನಮ್ಮ ವಿಧಾನಮಂಡಲದಲ್ಲಿ. ಅಲ್ಲಿಯೂ ಮಸೂದೆಯನ್ನು ಸಮಿತಿಗೆ ಕಳುಹಿಸುವ ಕ್ರಮ ಇದೆ, ಅರ್ಜಿಗಳ ಸಮಿತಿಯೂ ಇದೆ.

ಒಂದು ಪದದ ಬೆಲೆ

ಸಮಿತಿಯಲ್ಲಿ ಕೂತು ಪದ ಪದ ನೋಡುವುದರಿಂದ ಏನು ಲಾಭ ಎಂದು ಕೇಳಬಹುದು. ನಮಗೇ ಸಂಬಂಧಿಸಿದ ಉದಾಹರಣೆ ಕೊಡುತ್ತೇನೆ.

ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ಮಸೂದೆ ಮೊದಲು ಬಂದದ್ದು 1996ರ ಸೆಪ್ಟೆಂಬರ್‌ನಲ್ಲಿ, ನಮ್ಮವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದು ಜಂಟಿ ಸಮಿತಿಗೆ ಹೋಯಿತು. ಬಂಗಾಳದ ಸಂಸದೆ ಗೀತಾ ಮುಖರ್ಜಿ ಅದರ ಅಧ್ಯಕ್ಷೆ. ಅದೇ ಡಿಸೆಂಬರ್‌ನಲ್ಲಿ ವರದಿ ಬಂತು.

ಮಸೂದೆಯಲ್ಲಿ "ಮೂರನೇ ಒಂದಕ್ಕಿಂತ ಕಡಿಮೆ ಇಲ್ಲದಂತೆ" ಎಂದಿತ್ತು. ಇದು ಅಸ್ಪಷ್ಟವಾಗಿದೆ, "ಸಾಧ್ಯವಾದಷ್ಟು ಮೂರನೇ ಒಂದಕ್ಕೆ ಹತ್ತಿರವಾಗಿ" ಎಂದಿರಲಿ ಎಂದು ಸಮಿತಿ ಹೇಳಿತು. ವ್ಯತ್ಯಾಸ ನೋಡಿ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ. ಅದರ ಮೂರನೇ ಒಂದು ಭಾಗ 9ಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ಮಾತಿನಂತೆ ಕನಿಷ್ಠ 10 ಆಗಬೇಕು, ಅದಕ್ಕಿಂತ ಎಷ್ಟು ಹೆಚ್ಚು ಎಂಬುದಕ್ಕೆ ಗೆರೆ ಇಲ್ಲ. ಎರಡನೆಯ ಮಾತಿನಂತೆ ಅದು 9. ಮೊದಲನೆಯದು ನಮಗೆ ಹೆಚ್ಚು ಕೊಡುವಂತೆ ಕಾಣುತ್ತದೆ ನಿಜ. ಆದರೆ ಎರಡು ಅರ್ಥ ಬರುವ ಪದ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು. ಯಾವುದು ಸರಿ ಎಂದು ನೀವೇ ನಿಮ್ಮ ಸಭೆಯಲ್ಲಿ ಚರ್ಚಿಸಿ. ಇಂಥ ಚರ್ಚೆಗೇ ಸಮಿತಿ ಇರುವುದು.

ಆ ಮಸೂದೆ ಆಗ ಕಾನೂನಾಗಲಿಲ್ಲ. ಗೀತಾ ಮುಖರ್ಜಿ ಸಮಿತಿಯ ಏಳು ಶಿಫಾರಸುಗಳಲ್ಲಿ ಐದನ್ನು ಸೇರಿಸಿಕೊಂಡು 2008ರಲ್ಲಿ ಮತ್ತೆ ಮಸೂದೆ ಬಂತು. ಅದೂ ಸ್ಥಾಯಿ ಸಮಿತಿಗೆ ಹೋಗಿ ಬಂದು 2010ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆ ದಾಟಲಿಲ್ಲ. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಹೊಸ ಮಸೂದೆಯಾಗಿ ಬಂದು ಎರಡೂ ಸದನದಲ್ಲಿ ಅಂಗೀಕಾರವಾಯಿತು. ಆ ಸಲ ಅದು ಸಮಿತಿಗೆ ಹೋಗಲಿಲ್ಲ. ಎಲ್ಲ ಮಸೂದೆಗಳೂ ಸಮಿತಿಗೆ ಹೋಗಲೇಬೇಕೆಂಬ ನಿಯಮ ಇಲ್ಲ. ನನ್ನ ಉತ್ತರ ಪೂರ್ತಿ ತಪ್ಪಲ್ಲ, ಅರ್ಧ ತಪ್ಪು ಎಂದದ್ದು ಇದಕ್ಕೇ.

ಅರ್ಜಿ ಬರೆದರೆ ಏನಾಗುತ್ತದೆ?

ನಿವೃತ್ತ ಸೈನಿಕರ "ಒಂದು ಶ್ರೇಣಿ, ಒಂದು ಪಿಂಚಣಿ" ಬೇಡಿಕೆ ನಿಮಗೆ ಗೊತ್ತಿರಬಹುದು. ನಮ್ಮ ಹಳ್ಳಿಗಳಲ್ಲೂ ಮಾಜಿ ಸೈನಿಕರಿದ್ದಾರೆ. ಅವರ ಬೇಡಿಕೆ ರಾಜ್ಯಸಭೆಯ ಅರ್ಜಿಗಳ ಸಮಿತಿಯ ಮುಂದೆ ಬಂತು. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷರಾಗಿದ್ದ ಆ ಸಮಿತಿ 2011ರ ಡಿಸೆಂಬರ್‌ನಲ್ಲಿ ಬೇಡಿಕೆ ನ್ಯಾಯವಾದದ್ದು ಎಂದು ವರದಿ ಕೊಟ್ಟಿತು. ಸರ್ಕಾರದ ಆದೇಶ ಹೊರಬಿದ್ದದ್ದು 2015ರ ನವೆಂಬರ್‌ನಲ್ಲಿ. ನಡುವೆ ಧರಣಿ, ಹೋರಾಟ ಎಲ್ಲವೂ ನಡೆದವು. ಸಮಿತಿಯ ಶಿಫಾರಸು ಆದೇಶವಲ್ಲ, ಸರ್ಕಾರ ಅದನ್ನು ಒಪ್ಪಲೇಬೇಕೆಂದಿಲ್ಲ. ಆದರೆ ದಾಖಲೆಗೆ ಬಂದ ನ್ಯಾಯವಾದ ಮಾತನ್ನು ಸುಲಭವಾಗಿ ಅಳಿಸಲು ಆಗುವುದಿಲ್ಲ. ಕಾಲುಬಾಯಿ ಲಸಿಕೆ ಹಾಕಿದ ದಿನವೇ ರಾಸಿಗೆ ರಕ್ಷಣೆ ಬರುವುದಿಲ್ಲ. ಹಾಗೆಂದು ಲಸಿಕೆ ಬಿಡುತ್ತೇವೆಯೇ?

ಲೋಕಸಭೆಗೆ ಅರ್ಜಿ ಬರೆಯುವ ಕ್ರಮ

* ಸದನಕ್ಕೆ ಬಂದಿರುವ ಮಸೂದೆಯ ಬಗ್ಗೆ, ಅಥವಾ ಸಾರ್ವಜನಿಕ ಹಿತದ ವಿಷಯದ ಬಗ್ಗೆ ಬರೆಯಬಹುದು.
* ಅರ್ಜಿ ಸದನವನ್ನು ಉದ್ದೇಶಿಸಿ ಇರಬೇಕು. ಭಾಷೆ ಗೌರವದಿಂದ ಕೂಡಿರಬೇಕು. ಕೊನೆಯಲ್ಲಿ ನಿಮಗೆ ಏನು ಬೇಕು ಎಂಬ ಕೋರಿಕೆ ಸ್ಪಷ್ಟವಾಗಿರಬೇಕು.
* ಕನ್ನಡದಲ್ಲಿ ಬರೆಯಬಹುದು. ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇಟ್ಟು ಅದಕ್ಕೂ ಸಹಿ ಮಾಡಬೇಕು.
* ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ, ಸಹಿ ಬೇಕು. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತಬಹುದು. ನಿಯಮವೇ ಹಾಗೆ ಹೇಳುತ್ತದೆ. "ನನಗೆ ಸಹಿ ಬರಲ್ಲ" ಎಂದು ಯಾರೂ ಹಿಂದೆ ಸರಿಯಬೇಕಿಲ್ಲ.
* ಸಹಿಗಳು ಹಲವು ಹಾಳೆಗಳಿಗೆ ಹೋದರೆ, ಪ್ರತಿ ಹಾಳೆಯ ತಲೆಯಲ್ಲಿ ಕೋರಿಕೆಯನ್ನು ಮತ್ತೆ ಬರೆಯಬೇಕು. ಏನಕ್ಕೆ ಸಹಿ ಮಾಡುತ್ತಿದ್ದೇವೆ ಎಂದು ಪ್ರತಿಯೊಬ್ಬರಿಗೂ ಗೊತ್ತಿರಲಿ ಎಂಬುದು ಇದರ ಅರ್ಥ.
* ಬೇರೆ ಪತ್ರ, ಪ್ರಮಾಣಪತ್ರಗಳನ್ನು ಅರ್ಜಿಗೆ ಲಗತ್ತಿಸಬಾರದು. ಹೇಳಬೇಕಾದದ್ದೆಲ್ಲ ಅರ್ಜಿಯಲ್ಲೇ ಇರಲಿ.
* ಸಂಸದರ ಮೂಲಕ ಮಂಡಿಸಬಹುದು, ಅಥವಾ ಲೋಕಸಭೆಯ ಮಹಾಕಾರ್ಯದರ್ಶಿಯವರಿಗೆ ಕಳುಹಿಸಬಹುದು.
* ನ್ಯಾಯಾಲಯದಲ್ಲಿರುವ ವಿಷಯ, ರಾಜ್ಯ ಶಾಸನಸಭೆಯಲ್ಲಿ ಎತ್ತಬೇಕಾದ ವಿಷಯ, ಕಾನೂನಿನಲ್ಲಿ ಬೇರೆ ಪರಿಹಾರ ಇರುವ ವಿಷಯ ಇಲ್ಲಿ ನಡೆಯುವುದಿಲ್ಲ.

ಯಾವ ವಿಷಯ ಎಲ್ಲಿಗೆ?

ಕೊನೆಯ ಅಂಶ ಬಹಳ ಮುಖ್ಯ. ಕೆಚ್ಚಲು ಬಾವಿಗೆ ಹೊಟ್ಟೆ ಉಬ್ಬರದ ಔಷಧಿ ಕೊಟ್ಟರೆ ವಾಸಿಯಾಗುವುದಿಲ್ಲ. ಅರ್ಜಿಯೂ ಸರಿಯಾದ ಜಾಗಕ್ಕೇ ಹೋಗಬೇಕು.

ನಿಮ್ಮ ಹಾಲಿನ ಬಟವಾಡೆ ತಡವಾಗಿದ್ದರೆ, ಫ್ಯಾಟ್ ತೆಗೆಯುವುದರಲ್ಲಿ ಅನುಮಾನವಿದ್ದರೆ, ಮೊದಲು ಸಂಘದ ಆಡಳಿತ ಮಂಡಳಿ, ಆಮೇಲೆ ಒಕ್ಕೂಟ, ಆಮೇಲೆ ಸಹಕಾರ ಇಲಾಖೆ. ಪಶು ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದರೆ, ಸಹಕಾರ ಸಂಘಗಳ ರಾಜ್ಯ ಕಾಯ್ದೆಯ ವಿಷಯವಾದರೆ, ಅದು ರಾಜ್ಯದ್ದು. ನಿಮ್ಮ ಶಾಸಕರನ್ನು ಕಾಣಿ, ವಿಧಾನಮಂಡಲಕ್ಕೆ ಅರ್ಜಿ ಕೊಡಿ. ರಾಜ್ಯದಿಂದ ರಾಜ್ಯಕ್ಕೆ ಹರಡುವ ಜಾನುವಾರು ರೋಗ, ಕಾಲುಬಾಯಿ ಮತ್ತು ಕಂದು ರೋಗದ ವಿರುದ್ಧ 2019ರಲ್ಲಿ ಶುರುವಾದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ, ಪ್ರಾಣಿಹಿಂಸೆ ತಡೆಯುವ ಕೇಂದ್ರ ಕಾನೂನು ಇಂಥವು ಸಂಸತ್ತಿನ ಮುಂದೆ ಇಡಬಹುದಾದ ವಿಷಯಗಳು.

ಸಮಿತಿ ಪತ್ರಿಕೆಯಲ್ಲಿ ಅಭಿಪ್ರಾಯ ಕೇಳಿದಾಗ ಬರೆಯುವುದು ಅರ್ಜಿಗಿಂತ ಸುಲಭ. ಆದರೆ ಕೊಡುವ ಗಡುವು ಕಡಿಮೆ. ಇನ್ನೊಂದು ಎಚ್ಚರಿಕೆ: ಸಮಿತಿಗೆ ಬರೆದು ಕೊಟ್ಟದ್ದು ಸಮಿತಿಯ ದಾಖಲೆಯಾಗುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಎಲ್ಲರಿಗೂ ಹಂಚಬಾರದು.

ಬರೆಯುವಾಗ ಅನುಭವ ಬರೆಯಿರಿ. "ಕಾನೂನು ಸರಿಯಿಲ್ಲ" ಎಂದರೆ ಯಾರಿಗೂ ಉಪಯೋಗವಿಲ್ಲ. "ನನಗೆ ಎರಡು ಹಸು. ಈ ನಿಯಮ ಬಂದರೆ ನನಗೆ ಹೀಗೆ ಆಗುತ್ತದೆ. ಈ ಸಾಲನ್ನು ಹೀಗೆ ತಿದ್ದಿ" ಎಂದು ಬರೆದರೆ ಸಮಿತಿಗೆ ಕೆಲಸಕ್ಕೆ ಬರುತ್ತದೆ. ದೆಹಲಿಯ ಅಧಿಕಾರಿಗೆ ಅಂಕಿಅಂಶ ಗೊತ್ತಿರುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹಾಲು ಕರೆಯುವವರಿಗೆ ಗೊತ್ತಿರುವುದು ಅವರಿಗೆ ಗೊತ್ತಿರುವುದಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ? ನಮ್ಮ ಬೈಲಾ ಎಷ್ಟು ಜನ ಓದಿದ್ದೇವೆ?
2. ನಮ್ಮ ಸಂಸದರು, ಶಾಸಕರು ಯಾರು? ಅವರು ಯಾವ ಸಮಿತಿಯಲ್ಲಿದ್ದಾರೆ?
3. ನಮ್ಮೆಲ್ಲರಿಗೂ ತೊಂದರೆ ಕೊಡುತ್ತಿರುವ ಒಂದು ವಿಷಯ ಯಾವುದು? ಅದು ಸಂಘದ್ದೇ, ರಾಜ್ಯದ್ದೇ, ಕೇಂದ್ರದ್ದೇ?
4. ನಮ್ಮಲ್ಲಿ ಅಥವಾ ನಮ್ಮ ಮನೆಯ ಮಕ್ಕಳಲ್ಲಿ ಅರ್ಜಿ ಬರೆದುಕೊಡಬಲ್ಲವರು ಯಾರು?

ಹೋದ ತಿಂಗಳು ಲಸಿಕೆಗೆಂದು ಅದೇ ಸಂಘಕ್ಕೆ ಹೋದಾಗ ಆ ಹಿರಿಯ ಸದಸ್ಯೆಯನ್ನು ಹುಡುಕಿ, "ಅಮ್ಮಾ, ಅವತ್ತು ನಾನು ಹೇಳಿದ್ದು ತಪ್ಪು. ಕೇಳೋ ದಾರಿ ಇದೆ" ಎಂದು ಇದನ್ನೆಲ್ಲ ಹೇಳಿದೆ. ಅವರು ಹಸುವಿನ ಹಗ್ಗ ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಹಂಗಾದ್ರೆ ಹೆಬ್ಬೆಟ್ಟಿಗೂ ಬೆಲೆ ಐತೆ ಅನ್ನಿ. ಮುಂದಿನ ಮೀಟಿಂಗ್‌ಗೆ ಹಾಳೆ ಪೆನ್ನು ತಗೊಂಡ್ ಬನ್ನಿ ಡಾಕ್ಟ್ರೇ, ನಾವು ಹೇಳ್ತೀವಿ, ನೀವು ಬರ್ಕೊಳ್ಳಿ."

ಹಾಳೆ ಪೆನ್ನು ಚೀಲದಲ್ಲಿ ಇಟ್ಟಾಗಿದೆ. ನಿಮ್ಮ ಸಂಘಕ್ಕೂ ಬರುತ್ತೇನೆ.

ಇಂತಿ ನಿಮ್ಮ,
ಪಶು ವೈದ್ಯಾಧಿಕಾರಿ